ಶಿವಪುರದಲ್ಲಿ ಒಂದು ದಿನ: ಗಣಿಯ ಪಾಲಿನ ವಿಚಾರ

ಶಿವಪುರವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಅಪೇಕ್ಷೆ ನಮಗೆ ಬಹುಕಾಲದಿಂದ ಇದ್ದಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವಾಗಲೆಲ್ಲ ಮದ್ದೂರಿನ ನಿಲ್ದಾಣದಲ್ಲಿ ರೈಲಿನ ಕಿಟಕಿಯಿಂದ ಕೈ ಚಾಚಿ ವಡೆಯ ಪೊಟ್ಟಣವನ್ನು ಕೊಂಡುದೇ ನಮಗೂ ಆ ಸೀಮೆಗೂ ಇದ್ದ ಸಂಬಂಧ. ಆ ಊರಿನ ಮಗ್ಗುಲಲ್ಲಿಯೇ ನಾಡಿನ ಚರಿತ್ರೆಯ ಒಂದು ದೊಡ್ಡ ಪ್ರಸಂಗ ನಡೆಯಿತೆಂಬುದನ್ನು ಓದಿ ಬಲ್ಲೆವೇ ಹೊರತು ಇಳಿದು ನೋಡಿದವರಲ್ಲ. ಕಳೆದ ಮಾಘಮಾಸದಲ್ಲಿ ಆ ಯೋಗ ಕೂಡಿಬಂದಿತು.

ಯೋಗವನ್ನು ಕೂಡಿಸಿದವನು ನಮ್ಮ ಭಾವಮೈದುನ. ಮಗಳ ವಿವಾಹಕ್ಕೆಂದು ಹತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ ಅವನ ಕೈಯಲ್ಲಿದ್ದಿತು. ಆ ಹಣವನ್ನೆಲ್ಲ ಒಂದು ಗಣಿ ಕಂಪನಿಯ ಷೇರುಗಳಲ್ಲಿ ತೊಡಗಿಸಿದರೆ ಮೂರೇ ವರ್ಷಗಳಲ್ಲಿ ಎರಡರಷ್ಟಾಗುವುದೆಂದು ಯಾರೋ ಪರಿಚಯದ ದಲಾಲರು ಅವನ ಕಿವಿಯಲ್ಲಿ ಊದಿದ್ದರು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲಿನ ಬಳಿ ಲಿಥಿಯಂ ಎಂಬ ಲೋಹ ಸಿಕ್ಕಿದೆಯೆಂದು 2021ರಲ್ಲಿ ಪ್ರಕಟವಾದ ಸುದ್ದಿಯೂ ಅವನ ತಲೆಯಲ್ಲಿ ಸೇರಿಕೊಂಡಿದ್ದಿತು. “ಭಾವ, ನಮ್ಮ ಜಿಲ್ಲೆಯ ನೆಲವೇ ಇನ್ನು ಮೇಲೆ ಚಿನ್ನವಾಗುತ್ತದೆ. ನೀವು ಒಂದು ಮಾತು ಹೇಳಿದರೆ ರುಜು ಹಾಕಿಬಿಡುತ್ತೇನೆ” ಎಂದು ಅವನು ಬರೆದನು. ಇಂತಹ ವಿಷಯಕ್ಕೆ ಕಾಗದದಲ್ಲಿ ಉತ್ತರ ಕೊಡುವುದು ನಮಗೆ ಸರಿದೋರಲಿಲ್ಲ. “ಮದ್ದೂರಿಗೆ ಬಾ, ಶಿವಪುರವನ್ನು ನೋಡಿಕೊಂಡು ಮಾತನಾಡೋಣ” ಎಂದು ತಿಳಿಸಿ, ನಮ್ಮ ಮನೆಯವರೊಡನೆ ಬೆಳಗಿನ ರೈಲನ್ನು ಹತ್ತಿದೆವು.

ಮದ್ದೂರು ಶಿಂಷಾ ನದಿಯ ದಡದ ಊರು. 2023ರಲ್ಲಿ ತೆರೆದ ಹೊಸ ಹೆದ್ದಾರಿಯ ಮೇಲೆ ಮೋಟಾರಿನಲ್ಲಿ ಓಡುವವರು ಈ ಊರನ್ನು ಕಂಡೂ ಕಾಣದಂತೆ ದಾಟಿಬಿಡುತ್ತಾರೆ. ರೈಲಿನವರಿಗೆ ಆ ನಷ್ಟವಿಲ್ಲ. ನಿಲ್ದಾಣದಲ್ಲಿಳಿದು, ಈರುಳ್ಳಿ ತುಂಬಿದ ಬಿಸಿ ವಡೆಯನ್ನು ಈ ಬಾರಿ ನಿಂತು ನಿಧಾನವಾಗಿ ತಿಂದೆವು. ಪೇಟೆಯಲ್ಲಿ ಎಳನೀರಿನ ರಾಶಿಗಳು ಲಾರಿಯೇರುತ್ತಿದ್ದವು. ದಾರಿಯ ಎರಡು ಕಡೆಗಳಲ್ಲಿಯೂ ಕಬ್ಬಿನ ಗದ್ದೆಗಳು. ಅಲ್ಲಲ್ಲಿ ಆಲೆಮನೆಯ ಹೊಗೆ. ಬೆಲ್ಲದ ಪಾಕ ಕುದಿಯುವ ಆ ಕಂಪಿಗೆ ನಮ್ಮ ಮನೆಯವರು ಎರಡು ಸಲ ನಿಂತುಬಿಟ್ಟರು. ಹೀಗೆ ನಡೆಯುತ್ತ ಶಿವಪುರವನ್ನು ಮುಟ್ಟಿದೆವು.

ಇಲ್ಲಿ ನಡೆದ ವಿಷಯ ನಮ್ಮ ವಾಚಕರಿಗೆ ಹೊಸದಲ್ಲ. 1938ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲನೆಯ ಅಧಿವೇಶನ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿದ್ದಿತು. ಜನರು ಅದನ್ನು ಮೀರಿ ಏಪ್ರಿಲ್ 11ರಂದು ಧ್ವಜವನ್ನು ಏರಿಸಿದರು, ಮುಖಂಡರು ಬಂಧನಕ್ಕೊಳಗಾದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡಿನ ಪ್ರಹಾರವಾಗಿ ಅಮಾಯಕರು ಸತ್ತರು. ಆ ಬಳಿಕ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತುಕತೆ ನಡೆಸಿದ ಮೇಲೆ, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವೂ ಹಾರಬಹುದೆಂದಾಯಿತು. ಆ ನೆನಪಿಗಾಗಿ ಸತ್ಯಾಗ್ರಹ ಸೌಧವೆಂಬ ಸ್ಮಾರಕ ಇಲ್ಲಿ ನಿಂತಿದೆ. ನಾವು ಹೋದ ದಿನ ಅಲ್ಲಿ ಜನಸಂದಣಿಯಿರಲಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ನಾವೂ ಸ್ವಲ್ಪ ದೂರದ ಮರದಡಿಯಲ್ಲಿ ಕುಳಿತೆವು.

ಭಾವಮೈದುನನು ಚೀಲದಿಂದ ಕಂಪನಿಯ ಕಾಗದಗಳನ್ನು ತೆಗೆದನು. ಹೊಳಪಿನ ಹಾಳೆಗಳು; ಬೆಟ್ಟದ ಚಿತ್ರ, ಯಂತ್ರದ ಚಿತ್ರ, ಮೇಲಕ್ಕೇರುವ ಗೆರೆಗಳ ಚಿತ್ರ. ಕೊನೆಯ ಹಾಳೆಯಲ್ಲಿ ಮಾತ್ರ ಸಾಸಿವೆಯಂತಹ ಅಕ್ಷರಗಳಲ್ಲಿ, ಕಂಪನಿಯ ಮೇಲೆ ಪರಿಸರದ ವಿಷಯವಾಗಿ ಕೆಲವು ವ್ಯಾಜ್ಯಗಳು ನ್ಯಾಯಾಲಯಗಳ ಮುಂದೆ ಇವೆಯೆಂದು ಅಚ್ಚಾಗಿದ್ದಿತು. “ಇದೇನಪ್ಪ?” ಎಂದು ಕೇಳಿದೆವು. “ಅದು ಎಲ್ಲ ಕಂಪನಿಗಳಿಗೂ ಇದ್ದದ್ದೇ ಅಂತೆ, ಭಾವ” ಎಂದನು.

ಇದ್ದದ್ದೇ ಎಂಬುದು ನಿಜ. ಆದರೆ ಅದರ ಅರ್ಥವೇನೆಂಬುದನ್ನು ವಿಚಾರಮಾಡಬೇಕು. ನಾವು ಕುಳಿತ ಸ್ಥಳದಿಂದ ತೆಂಕಣಕ್ಕೆ ಮಳವಳ್ಳಿ ತಾಲ್ಲೂಕಿನಲ್ಲಿ ಶಿವನಸಮುದ್ರವಿದೆ. 1902ರಲ್ಲಿ ಅಲ್ಲಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು, 92 ಮೈಲಿ ದೂರ ತಂತಿ ಎಳೆದು, ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ಮಳವಳ್ಳಿಯ ಹಳ್ಳಿಗಳ ಸರದಿ ಬಹಳ ತಡವಾಗಿ. ಗಣಿಯನ್ನು ನಡೆಸುತ್ತಿದ್ದವರು ಜಾನ್ ಟೇಲರ್ ಕಂಪನಿಯವರು. ಲಾಭ ಹಂಚಿಕೊಂಡವರು ಬಹುಮಟ್ಟಿಗೆ ಲಂಡನ್ನಿನ ಪಾಲುದಾರರು. ಭೂಮಿಯೊಳಗೆ ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಪಾಲುದಾರರು ಹೋದರು; ಸಯನೈಡು ಬೆರೆಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಮಾತ್ರ ಊರಿನ ನಡುವೆ ಉಳಿದುವು. ಗಾಳಿ ಬೀಸಿದಾಗ ಆ ಧೂಳು ಮನೆಯೊಳಗೆ ಬರುತ್ತದೆ. ಆ ಕಾಲದಲ್ಲಿ ಇದಕ್ಕಾಗಿ ಗಣಿಯವರನ್ನು ಕೇಳತಕ್ಕ ಕಾನೂನಿರಲಿಲ್ಲ. ಪಾಲುದಾರರ ಲೆಕ್ಕದ ಪುಸ್ತಕದಲ್ಲಿ ಆ ಗುಡ್ಡಗಳಿಗೆ ಕಲಮೇ ಇರಲಿಲ್ಲ.

ಈಗ ಕಾನೂನಿದೆ. 1980ರ ಅರಣ್ಯ ಸಂರಕ್ಷಣೆಯ ಕಾಯಿದೆಯೂ 1986ರ ಪರಿಸರ ಸಂರಕ್ಷಣೆಯ ಕಾಯಿದೆಯೂ ಬಂದ ಮೇಲೆ ಆ ಕಲಮು ಲೆಕ್ಕದಲ್ಲಿ ಸೇರಿತು. ಸೇರಿದುದನ್ನು ನಂಬದೆ ನಡೆದವರಿಗೆ ಏನಾಯಿತೆಂಬುದಕ್ಕೆ ಕುದುರೆಮುಖವೇ ದೃಷ್ಟಾಂತ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಗೆ ಇರಾನ್ ದೇಶ 63 ಕೋಟಿ ಡಾಲರು ಸಾಲ ಕೊಡಲು ಒಪ್ಪಿದ್ದಿತು. ಅಲ್ಲಿ 1979ರಲ್ಲಿ ರಾಜ್ಯಕ್ರಾಂತಿಯಾಗಿ ಹಣ ನಡುವೆಯೇ ನಿಂತಿತು. ಭಾರತ ಸರ್ಕಾರವೇ ತನ್ನ ಬೊಕ್ಕಸದಿಂದ ಕೆಲಸವನ್ನು ಮುಗಿಸಿತು. ಬೆಟ್ಟವನ್ನು ಅಗೆದು, ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿಸುತ್ತಿದ್ದರು. ಉಳಿದ ರಾಡಿಯನ್ನು ತಡೆಯುವುದಕ್ಕೆ ಲಕ್ಯಾ ಹಳ್ಳಕ್ಕೆ ಅಣೆಯನ್ನು ಕಟ್ಟಿದರು. ಆದರೆ ಅದು ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಸೀಮೆ. ಮಳೆಗಾಲದಲ್ಲಿ ಆಕಾಶವೇ ಬಿರಿದಂತೆ ಸುರಿಯುವ ಸ್ಥಳ. ಅಗೆದ ಮಣ್ಣು ಭದ್ರೆಗೆ ಸೇರಿ ಕೆಳಗಿನವರೆಗೂ ಹೋಯಿತು. 1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಗಣಿಯ ಗುತ್ತಿಗೆ 1999ರಲ್ಲಿ ತೀರಿದ ಮೇಲೆ ತಾತ್ಕಾಲಿಕ ಅಪ್ಪಣೆಗಳ ಮೇಲೆ ಕೆಲಸ ನಡೆಯುತ್ತಿದ್ದಿತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ವೈಲ್ಡ್‌ಲೈಫ್ ಫಸ್ಟ್ ಎಂಬ ಸಂಸ್ಥೆಯ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. 2002ರ ಅಕ್ಟೋಬರ್ 30ರಂದು ತೀರ್ಪಾಯಿತು: 2005ರ ಕೊನೆಯೊಳಗಾಗಿ ಗಣಿಯನ್ನು ಮುಚ್ಚತಕ್ಕದ್ದು. ಅದರಂತೆಯೇ ಮುಚ್ಚಿತು.

“ಆದರೆ ಆ ಕಂಪನಿ ಸರ್ಕಾರದ್ದಲ್ಲವೆ? ನಷ್ಟ ಯಾರಿಗೆ?” ಎಂದು ಭಾವಮೈದುನನು ಕೇಳಿದನು. ಅಲ್ಲಿಯೇ ಇರುವುದು ವಿಚಾರ. ಅದರ ಪಾಲುಗಳಲ್ಲಿ ನೂರಕ್ಕೆ 99ರಷ್ಟು ಭಾರತ ಸರ್ಕಾರದವು. ಎಂದರೆ ನಮ್ಮವು, ನಿಮ್ಮವು. ಮಂಗಳೂರಿನಲ್ಲಿ ಕಂಪನಿಯ ಉಂಡೆ ಮಾಡುವ ಕಾರ್ಖಾನೆ ಉಳಿಯಿತು. ತಿನ್ನಿಸುವುದಕ್ಕೆ ಅದಿರನ್ನು ಹೊರಗಿನಿಂದ ಕೊಂಡುತರಬೇಕಾಯಿತು. ಸಾವಿರಾರು ಜನರಿದ್ದ ಬೆಟ್ಟದ ಮೇಲಿನ ಊರು ಬರಿದಾಯಿತು. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರು ಅರಣ್ಯವನ್ನು ಕೊಡುವ ವಿಚಾರ 2024ರಲ್ಲಿ ಮುಂದೆ ಬಂದಾಗ, ಕೇಂದ್ರದ ಉಕ್ಕು ಮಂತ್ರಿಗಳಾಗಿ ಅದರ ಕಾಗದಕ್ಕೆ ರುಜು ಹಾಕಿದವರು ಮಂಡ್ಯದಿಂದಲೇ ಆರಿಸಿಹೋದ ಎಚ್.ಡಿ. ಕುಮಾರಸ್ವಾಮಿಯವರು, ಕುದುರೆಮುಖದ ಹಳೆಯ ಬಾಕಿಗಳು ತೀರುವವರೆಗೆ ಭೂಮಿಯನ್ನು ವಹಿಸಕೂಡದೆಂದು ತಡೆದವರು ರಾಜ್ಯದ ಅರಣ್ಯ ಮಂತ್ರಿಗಳಾದ ಈಶ್ವರ ಖಂಡ್ರೆಯವರು. ಯಾರದು ಸರಿಯೆಂಬುದನ್ನು ತೂಗುವುದು ನಮ್ಮ ಕೆಲಸವಲ್ಲ. 2005ರಲ್ಲಿ ಮುಚ್ಚಿದ ಗಣಿಯ ಲೆಕ್ಕ ಸುಮಾರು ಹತ್ತೊಂಬತ್ತು ವರ್ಷಗಳ ಬಳಿಕ ಇನ್ನೊಂದು ಗಣಿಯ ಬಾಗಿಲಲ್ಲಿ ಬಂದು ನಿಂತಿತೆಂಬುದನ್ನು ಮಾತ್ರ ಪಾಲುದಾರನು ಗಮನಿಸಬೇಕು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಮನೆಯವರು, “ಊರಿನ ಕಥೆಯೆಲ್ಲ ಆಯಿತು, ನಮ್ಮ ಮನೆಯ ಕಥೆಯನ್ನೂ ಹೇಳಿಬಿಡಿ” ಎಂದರು. ನಾವು ಅದನ್ನು ಮರೆಮಾಚಬೇಕೆಂದಿದ್ದೆವು, ಸಾಧ್ಯವಾಗಲಿಲ್ಲ. ವಾಚಕರಿಗೂ ಹೇಳಿಬಿಡುವುದೇ ಲೇಸು.

ಬಳ್ಳಾರಿಯ ಕೆಂಪು ಅದಿರಿಗೆ ಹೊರದೇಶಗಳಲ್ಲಿ ಬೇಡಿಕೆ ಏರಿದ ದಿನಗಳಲ್ಲಿ ನಾವೂ ಒಂದು ಗಣಿ ಕಂಪನಿಯ ಷೇರುಗಳನ್ನು ಕೊಂಡಿದ್ದೆವು. ಎರಡು ವರ್ಷ ಲಾಭಾಂಶ ಚೆನ್ನಾಗಿಯೇ ಬಂದಿತು. ಅದರಿಂದ ಮಕ್ಕಳ ವಿದ್ಯಾಭ್ಯಾಸದ ಖರ್ಚು ನಡೆಯಿತು. ಮನೆಗೆ ಒಂದು ಕೋಣೆಯೂ ಸೇರಿತು. ಅತ್ತ ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು 2009ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಇತ್ತ ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ತಮ್ಮ ವರದಿಯನ್ನು ಒಪ್ಪಿಸಿದರು. ಎರಡೇ ದಿನಗಳಲ್ಲಿ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೆಲ್ಲ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಿಗೂ ಅದೇ ಆಜ್ಞೆಯಾಯಿತು. 166 ಗಣಿಗಳನ್ನು ಅಳತೆ ಮಾಡಿಸಿ ಮೂರು ವರ್ಗಗಳನ್ನು ಮಾಡಿದರು. ತಪ್ಪಿಲ್ಲದವು ಅಥವಾ ಅಲ್ಪ ತಪ್ಪಿನವು 45; ಗಡಿಯನ್ನು ಒಂದು ಮಿತಿಯೊಳಗೆ ಮೀರಿದವು 72; ಮಿತಿಯಿಲ್ಲದೆ ಮೀರಿದವು 49. ಎರಡನೆಯ ವರ್ಗದವರು ಗಡಿಯಾಚೆ ಅಗೆದ ನೆಲಕ್ಕೆ ಹೆಕ್ಟೇರಿಗೆ 5 ಕೋಟಿ ರೂಪಾಯಿಗಳಂತೆ ದಂಡ ತೆತ್ತು, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ಒಪ್ಪಿದ ಮೇಲೆ ಮಾತ್ರ ಮತ್ತೆ ಆರಂಭಿಸಬಹುದು; ಮೂರನೆಯ ವರ್ಗದವರ ಗುತ್ತಿಗೆಯೇ ರದ್ದು. 2013ರ ಏಪ್ರಿಲ್ 18ರ ತೀರ್ಪು ಇದನ್ನು ಸ್ಥಿರಪಡಿಸಿತು. ವರ್ಷಕ್ಕೆ ಇಷ್ಟೇ ಅದಿರನ್ನು ತೆಗೆಯಬೇಕೆಂಬ ಮಿತಿಯೂ ಬಂದಿತು.

ನಮ್ಮ ಷೇರುಗಳು ಕಾಗದದ ಬೆಲೆಗೆ ಇಳಿದುವು. ಆಗ ನಾವು ಯಾರನ್ನು ಶಪಿಸಿದೆವು? ಗಡಿಯ ಕಲ್ಲನ್ನು ಕಿತ್ತು ನೆಟ್ಟವರನ್ನಲ್ಲ, ನ್ಯಾಯಾಲಯಕ್ಕೆ ಹೋದವರನ್ನು. “ಇವರಿಗೇನು ಬೇರೆ ಕೆಲಸವಿಲ್ಲವೆ?” ಎಂದು ಊಟದ ಎಲೆಯ ಮುಂದೆ ಕುಳಿತು ಹೇಳಿದುದು ನಮ್ಮ ಮನೆಯವರಿಗೆ ಇನ್ನೂ ಜ್ಞಾಪಕವಿದೆ. ಮರುವರ್ಷ ಕುಮಾರಸ್ವಾಮಿಯ ದರ್ಶನಕ್ಕೆಂದು ಸಂಡೂರಿಗೆ ಹೋಗಿದ್ದೆವು. ದಾರಿಯಲ್ಲಿ ನೀರು ಕೇಳುವುದಕ್ಕೆ ಒಂದು ಮನೆಯ ಮುಂದೆ ನಿಂತಾಗ, ಆ ತಾಯಿ ತಂಬಿಗೆಯನ್ನು ಮೂರು ಸಲ ತೊಳೆದು ನೀರು ಕೊಟ್ಟರು. “ಈಗ ಪರವಾಗಿಲ್ಲ, ಲಾರಿ ನಿಂತಾವು. ಮೊದಲು ರೊಟ್ಟಿ ಬಡಿಯೋ ಹಿಟ್ಟೇ ಕೆಂಪಗೆ ಆಗ್ತಿತ್ತು” ಎಂದರು. ಲಾರಿ ನಿಂತುದರಿಂದ ಅವರ ಮಗನ ಕೂಲಿಯೂ ನಿಂತಿದ್ದಿತು. ಅದನ್ನೂ ಅವರೇ ಹೇಳಿದರು. ನಮ್ಮ ಮನೆಗೆ ಸೇರಿದ ಕೋಣೆಯ ನೆನಪಾಗಿ ನಾವು ಮಾತನಾಡಲಿಲ್ಲ.

ಈ ಮಾತು ನಡೆಯುತ್ತಿರುವಾಗ ಎತ್ತುಗಳಿಗೆ ನೀರು ಕುಡಿಯಿಸಿಕೊಂಡು ಬಂದ ವೃದ್ಧ ರೈತರೊಬ್ಬರು ಅದೇ ನೆರಳಿಗೆ ಬಂದು ಕುಳಿತರು. ನಮ್ಮ ಕೈಯಲ್ಲಿದ್ದ ಬೆಟ್ಟದ ಚಿತ್ರವನ್ನು ನೋಡಿ, “ಇದು ಬೇಬಿ ಬೆಟ್ಟವಾ ಸ್ವಾಮಿ?” ಎಂದು ಕೇಳಿದರು. ಅಲ್ಲವೆಂದೆವು. “ಅಲ್ಲದಿದ್ರೆ ಸರಿ. ಕಟ್ಟೆ ಚೆನ್ನಾಗಿದ್ರೆ ಕಾಲುವೇಲಿ ನೀರು; ಕಾಲುವೇಲಿ ನೀರಿದ್ರೆ ನಮ್ಮನೇಲಿ ಒಲೆ” ಎಂದರು.

ಅವರ ಮಾತಿನ ಹಿಂದೆ ಇರುವ ವ್ಯಾಜ್ಯವನ್ನು ಹೇಳಬೇಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಕೋಲಾರದ ಗಣಿಗೆ ಬೇಸಗೆಯಲ್ಲಿಯೂ ವಿದ್ಯುತ್ತು ತಪ್ಪದಂತೆ ಶಿವನಸಮುದ್ರಕ್ಕೆ ನೀರೊದಗಿಸುವುದೂ ಒಂದು. ಆ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ಹೊಲಗಳನ್ನು ಕಬ್ಬು ಬತ್ತಗಳ ಗದ್ದೆಗಳನ್ನಾಗಿ ಮಾಡಿತು. ಒಂದು ಕಾಲಕ್ಕೆ ಗಣಿಯ ಅನುಕೂಲವನ್ನೂ ನೋಡಿ ಕಟ್ಟಿದ ಕಟ್ಟೆಗೆ ಈ ಕಾಲದಲ್ಲಿ ಗಣಿಯಿಂದಲೇ ಭಯ ಹುಟ್ಟಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ಕಲ್ಲಿಗಾಗಿ ಸಿಡಿಮದ್ದು ಸಿಡಿಯುತ್ತಿದ್ದಿತು. 2018ರ ಸೆಪ್ಟೆಂಬರಿನಲ್ಲಿ ಸುತ್ತಲಿನ ಊರುಗಳಿಗೆಲ್ಲ ಕೇಳುವಂತೆ ಭಾರೀ ಶಬ್ದವಾದಾಗ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅದು ಕಲ್ಲುಗಣಿಯ ಸಿಡಿತದ ಲಕ್ಷಣವೆಂದೂ ಹೀಗೆ ಮುಂದುವರಿದರೆ ಕಟ್ಟೆಗೆ ಅಪಾಯವಾಗಬಹುದೆಂದೂ ವರದಿಮಾಡಿದರು. ವಿಷಯ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. 2024ರ ಜನವರಿಯಲ್ಲಿ ನ್ಯಾಯಾಲಯವು, ಅಣೆಕಟ್ಟುಗಳ ಸುರಕ್ಷೆಗಾಗಿ 2021ರಲ್ಲಿ ಆದ ಕಾಯಿದೆಯನ್ನು ಮುಂದಿಟ್ಟುಕೊಂಡು, ತಜ್ಞರ ಪರೀಕ್ಷೆಯಾಗುವವರೆಗೆ ಕಟ್ಟೆಯಿಂದ 20 ಕಿಲೋಮೀಟರಿನೊಳಗೆ ಯಾವ ಗಣಿಗಾರಿಕೆಯೂ ನಡೆಯಕೂಡದೆಂದು ಆಜ್ಞಾಪಿಸಿತು. ಪರೀಕ್ಷೆಗಾಗಿ ಒಮ್ಮೆ ಸಿಡಿಸಿ ನೋಡೋಣವೆಂದು ಅದೇ ವರ್ಷ ಹೊರಟಾಗ ರೈತರು ಅದಕ್ಕೂ ಅಡ್ಡ ನಿಂತರು. ಇದ್ದಿರುವುದೊಂದೇ ಕಟ್ಟೆ, ಅದನ್ನು ಪರೀಕ್ಷೆಗೆ ಒಡ್ಡುವುದು ಹೇಗೆಂಬುದು ಅವರ ವಾದ.

ವೃದ್ಧರು ಎದ್ದು ಹೋದ ಮೇಲೆ ಭಾವಮೈದುನನು ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ, “ಹಾಗಾದರೆ ಗಣಿಯೇ ಬೇಡವೆನ್ನುತ್ತೀರಾ, ಭಾವ?” ಎಂದನು. ಹಾಗೆ ಹೇಳುವುದಕ್ಕೆ ನಮಗೆ ಬಾಯಿಲ್ಲ. ನಾವು ಬಂದ ರೈಲಿನ ಕಂಬಿ ಕಬ್ಬಿಣದ್ದು. ಆ ವೃದ್ಧರ ನೇಗಿಲಿನ ಗುಳವೂ ಕಬ್ಬಿಣದ್ದು. ಶಿವಪುರದ ಸೌಧಕ್ಕೂ ಕಲ್ಲು ಎಲ್ಲಿಂದಲೋ ಬಂದಿರಬೇಕು. ತೆಗೆಯುವುದು ತಪ್ಪಲ್ಲ, ಯಾರದನ್ನು, ಎಷ್ಟು, ಯಾರ ಅಪ್ಪಣೆಯಿಂದ, ಬಳಿಕ ಏನನ್ನು ಬಿಟ್ಟುಹೋಗುವುದಕ್ಕಾಗಿ ಎಂಬುದನ್ನು ಕೇಳಬೇಕು. ಕಂಪನಿಗೆ ಹಣ ಕೊಡುವವನು ಆ ಕಂಪನಿಯ ಪಾಲುದಾರನಾಗುತ್ತಾನೆ. ಪಾಲೆಂದ ಮೇಲೆ ಲಾಭದಲ್ಲಿಯೂ ಪಾಲು, ಮಾಡಿದ ಕೆಲಸದಲ್ಲಿಯೂ ಪಾಲು.

ಆದುದರಿಂದ ಗೃಹಸ್ಥನು ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದೆಂದು ನಮಗೆ ತೋರಿತು. ಗಣಿಯ ಗುತ್ತಿಗೆ ಯಾವಾಗ ತೀರುತ್ತದೆ, ಅದನ್ನು ಸಕ್ರಮವಾಗಿ ಪಡೆದಿದ್ದಾರೆಯೆ ಎಂಬುದು ಮೊದಲನೆಯದು. ಗೋವೆಯಲ್ಲಿ ಸರ್ಕಾರವೇ ನವೀಕರಿಸಿ ಕೊಟ್ಟಿದ್ದ 88 ಗುತ್ತಿಗೆಗಳನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಅರಣ್ಯದ ಮತ್ತು ಪರಿಸರದ ಅಪ್ಪಣೆಗಳು ಎಷ್ಟು ಟನ್ನಿಗೆ ದೊರೆತಿವೆ, ತೆಗೆಯುತ್ತಿರುವುದು ಎಷ್ಟು ಎಂಬುದು ಎರಡನೆಯದು. ಒಡಿಶಾದ ಗಣಿಗಳ ವ್ಯಾಜ್ಯದಲ್ಲಿ 2017ರಲ್ಲಿ, ಪರಿಸರದ ಅಪ್ಪಣೆಯಿಲ್ಲದೆ ತೆಗೆದ ಅದಿರಿನ ಬೆಲೆಯನ್ನು ನೂರಕ್ಕೆ ನೂರರಷ್ಟು ಕಟ್ಟಬೇಕೆಂದು ತೀರ್ಪಾಯಿತು. ಹಿಂದೆ ಹಂಚಿದ ಲಾಭ ಮುಂದೆ ಸಾಲವಾಗುವುದು ಹೀಗೆ. ಗಣಿ ಮುಚ್ಚಿದ ಮೇಲೆ ನೆಲವನ್ನು ಸರಿಪಡಿಸುವುದಕ್ಕೆ ಹಣವನ್ನು ತೆಗೆದಿಟ್ಟಿದ್ದಾರೆಯೆ ಎಂಬುದು ಮೂರನೆಯದು. ನಾಲ್ಕನೆಯದನ್ನು ನಮ್ಮ ಮನೆಯವರು ಸೇರಿಸಿದರು: “ಆ ಬೆಟ್ಟದ ಕೆಳಗೆ ಯಾರ ಮನೆಯ ಬಾವಿ ಇದೆ? ಒಮ್ಮೆ ಹೋಗಿ ಆ ನೀರನ್ನು ಕುಡಿದು ಬಾ.”

ಹೊತ್ತು ಇಳಿಯಿತು. ಹೆಂಗಸರು ಬುತ್ತಿಯ ಗಂಟುಗಳನ್ನು ಕಟ್ಟಿಕೊಂಡು ಎದ್ದು ಹೋಗಿದ್ದರು. ಶಿಂಷೆಯ ಕಡೆ ನಡೆದು ಸ್ವಲ್ಪ ಹೊತ್ತು ನಿಂತೆವು. ದೂರದ ಗದ್ದೆಯಲ್ಲಿ ಕೊಕ್ಕರೆಗಳು ಇಳಿದಿದ್ದವು; ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಜನರು ತಮ್ಮ ಮನೆಯಂಗಳದ ಮರಗಳಲ್ಲಿ ಅವುಗಳಿಗೆ ಗೂಡು ಕಟ್ಟಗೊಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಭಾವಮೈದುನನು ಕಾಗದಗಳನ್ನು ಮಡಿಸಿ ಚೀಲದಲ್ಲಿಟ್ಟನು. ಕೊಳ್ಳುವೆನೆಂದೂ ಹೇಳಲಿಲ್ಲ, ಕೊಳ್ಳೆನೆಂದೂ ಹೇಳಲಿಲ್ಲ. ನಾವೂ ಒತ್ತಾಯಪಡಿಸಲಿಲ್ಲ, ನಷ್ಟವಾದರೆ ಅನುಭವಿಸತಕ್ಕವಳು ಅವನ ಮಗಳು, ತೀರ್ಮಾನ ಅವನದಾಗಬೇಕು.

ಒಂದು ತಿಂಗಳ ಬಳಿಕ ಅವನ ಕಾಗದ ಬಂದಿತು. ನಾಲ್ಕು ಪ್ರಶ್ನೆಗಳನ್ನೂ ಕಂಪನಿಗೆ ಬರೆದು ಕೇಳಿದನಂತೆ. ಮತ್ತೊಂದು ಹೊಳಪಿನ ಪುಸ್ತಕ ಬಂದಿತಂತೆ, ಪ್ರಶ್ನೆಗೆ ಉತ್ತರ ಬರಲಿಲ್ಲವಂತೆ. ಹಣವನ್ನು ಅಂಚೆ ಕಛೇರಿಯಲ್ಲಿಟ್ಟಿದ್ದಾನೆ. ವೈಶಾಖದಲ್ಲಿ ವಿವಾಹ, ಚಪ್ಪರದ ಊಟಕ್ಕೆ ಮದ್ದೂರಿನ ವಡೆಯನ್ನೇ ಮಾಡಿಸಬೇಕೆಂದು ನಮ್ಮ ಮನೆಯವರ ಅಪ್ಪಣೆಯಾಗಿದೆ.